ಸೂಜಿ ಕಚ್ಚಿಕೊಂಡು ಬಯ್ಯುತ್ತಿದ್ದ ಖಾಜಾಬೀ

ಬಾಯಲ್ಲಿ ಸೂಜಿ ಕಚ್ಚಿಕೊಂಡು ಬಯ್ಯುವುದು ಖಾಜಾಬೀ ಒಬ್ಬಳಿಗೇ ಬರುತ್ತಿತ್ತು. ಬೇರೆಯವರಾದರೆ ತುಟಿ ಚುಚ್ಚಿಕೊಳ್ಳುತ್ತಿದ್ದರು. ಅವಳು ಮುಂದಿನ ಹಲ್ಲಿನ ಸಂದಿಯಲ್ಲಿ ಸೂಜಿ ಸಿಗಿಸಿ, ದಾರವನ್ನು ಗದ್ದದ ಮೇಲೆ ಇಳಿಬಿಟ್ಟು, ಶಹಾಬಜಾರದ ನಮ್ಮ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಬಯ್ಯುತ್ತಿದ್ದಳು. ಹಾಲಿನವನನ್ನು ಬಯ್ಯುತ್ತಿದ್ದಳು, ಹಾರ್ನ್ ಹೊಡೆಯುವ ಆಟೋದವನನ್ನು ಬಯ್ಯುತ್ತಿದ್ದಳು, ಅವಳ ಬಟ್ಟೆಯ ಮೇಲೆ ಮಲಗಲು ಬರುವ ಬೆಕ್ಕನ್ನು ಬಯ್ಯುತ್ತಿದ್ದಳು. ಯಾರೂ ಸಿಗದಿದ್ದರೆ ಬಿಸಿಲನ್ನು ಬಯ್ಯುತ್ತಿದ್ದಳು. ಕಲಬುರಗಿಯ ಬಿಸಿಲು ಬಯ್ಯಿಸಿಕೊಳ್ಳಲಿಕ್ಕೇ ಹುಟ್ಟಿದ್ದು, ಅದೊಂದರಲ್ಲಿ ನಾನು ಅವಳ ಪರ.

ಉಳಿದ ಯಾವುದರಲ್ಲೂ ಅಲ್ಲ. ಆ ಮುದುಕಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೊಮ್ಮಗಳು ಹುಟ್ಟಿ, ನಗಲು ಕಲಿತು, ಸಂತೋಷ ಹೊಟ್ಟೆಯಲ್ಲಿ ಹಿಡಿಸಲಾರದೆ ನಾನು ಓಣಿಗೆಲ್ಲ ಸಕ್ಕರೆ ಹಂಚಿದ ಮೇಲೂ ಆ ಸಿಟ್ಟು ಹಾಗೇ ಇದೆ.

ಖಾಜಾಬೀ ಕೌದಿ ಹೊಲಿಯುವವಳು. ಜನ ಹಳೆಯ ಸೀರೆ, ಧೋತರ ತಂದು ಕೊಡುತ್ತಿದ್ದರು. ಅವಳು ಅವನ್ನು ಹರಿದು, ಪದರ ಪದರವಾಗಿ ಹಾಸಿ, ತನ್ನ ಕಟ್ಟೆಯ ಮೇಲೆ ಒಂದು ಕಾಲು ನೀಡಿ ಕೂತು, ಅಂಚಿನಿಂದ ಹೊಲಿಯುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದಳು. ಕೊನೆಗೆ ನಟ್ಟನಡುವೆ ಅಂಗೈಯಗಲದ ಒಂದು ತೇಪೆ. ಅದಕ್ಕೆ ಅವಳು ಕೌದಿಯ ಹೊಟ್ಟೆ ಅನ್ನುತ್ತಿದ್ದಳು. ಆ ತೇಪೆಯ ಮೂರು ಬದಿ ಹೊಲಿದು, ನಾಲ್ಕನೆಯ ಬದಿ ಮುಚ್ಚುವ ಮೊದಲು ಖಡಕ್ ರೊಟ್ಟಿಯ ಒಂದು ಚೂರು ಒಳಗಿಡಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವಳ ನಂಬಿಕೆ. ಗಂಡ, ಮಕ್ಕಳು ಅಂತ ಅವಳಿಗೆ ಯಾರೂ ಇರಲಿಲ್ಲ. ಕೌದಿಗಳಿಗೇ ಉಣಿಸುತ್ತಿದ್ದಳು.

ನಾನು ಕಮಲಾಪುರದವಳು. ಯಜಮಾನರು ತೀರಿಕೊಂಡ ಮೇಲೆ ಮಗ ಶರಣು ನನ್ನನ್ನು ಇಲ್ಲಿಗೆ ಕರೆತಂದ. ಮಗ, ಸೊಸೆ ಇಬ್ಬರೂ ಒಳ್ಳೆಯವರು. ಜಗಳಕ್ಕೆ ಒಂದು ನೆಪವೂ ಸಿಗದಷ್ಟು ಒಳ್ಳೆಯವರು. ಆದರೂ ನನ್ನೊಳಗೆ ಏನೋ ನಿಂತುಹೋಯಿತು. ಅಳುವೂ ಇಲ್ಲ, ಹಸಿವೂ ಇಲ್ಲ. ಮುಂಜಾನೆ ಬಾಗಿಲಲ್ಲಿ ಕೂತರೆ ಹೊತ್ತು ಮುಳುಗುವ ತನಕ ಅಲ್ಲೇ. ಆಗ ಶುರುವಾಯಿತು ನೋಡಿ ಬುದ್ಧಿ ಹೇಳುವವರ ಕಾಟ. ಜಪ ಮಾಡು ಅಂದರು. ಧಾರಾವಾಹಿ ನೋಡು ಅಂದರು. ಬೆಳ್ಳುಳ್ಳಿಯಾದರೂ ಸುಲಿ ಅಂದರು. ಸೊಸೆ ಸುವರ್ಣ ಚಿತ್ರಕ್ಕೆ ಬಣ್ಣ ತುಂಬುವ ಪುಸ್ತಕ ತಂದುಕೊಟ್ಟು, "ಮನಸು ಹಗುರ ಆಗ್ತದರೀ ಅತ್ತಿ" ಅಂದಳು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಈ ವಯಸ್ಸಿನಲ್ಲಿ ಗಿಣಿಗೆ ಹಸಿರು ಹಚ್ಚುತ್ತ ಕೂತೆ. ಗಿಣಿ ಅರ್ಧ ಹಸಿರಾಗಿ ಉಳಿಯಿತು. ಅವರೆಲ್ಲರ ಮೇಲೆ ಸಿಟ್ಟು ಮಾಡಲಿಕ್ಕೂ ಶಕ್ತಿ ಇರಲಿಲ್ಲ.

ಒಂದು ಮುಂಜಾನೆ ಎದುರಿನ ಕಟ್ಟೆಯಿಂದ ಖಾಜಾಬೀ ಕೂಗಿದಳು. "ಏ ಕಮಲಾಪುರದಾಕಿ! ಅಂಗಡಿ ಗೊಂಬಿ ಹಂಗ ಏನ್ ಕೂಡ್ತಿ ದಿನಾ? ನಿನ್ನ ಮಾರಿ ನೋಡಿ ನೋಡಿ ನನ್ನ ದಾರ ಹರ್ಯಾಕತ್ತದ!"

ನನಗೆ ಮೈ ಉರಿಯಿತು. "ನನ್ನ ಬಾಗಲ, ನಾ ಕೂಡ್ತೀನಿ. ನೀ ಆ ಕಡಿ ಮಾರಿ ಮಾಡಿ ಕೂಡು."

"ಅರೆರೆ! ಇಕಿಗಿ ನಾಲಿಗಿ ಅದ! ನಾ ಮೂಕಿ ಅಂತ ತಿಳಿದಿದ್ದೆ."

ಮರುಕ್ಷಣ ಒಂದು ಚಿಂದಿಯ ಗಂಟು ಹಾರಿ ಬಂದು ನನ್ನ ಮಡಿಲಲ್ಲಿ ಬಿತ್ತು. "ಹೊಲಿ. ಬರಂಗಿಲ್ಲಂದ್ರ ಹೇಳು, ಓಣಿಗೆಲ್ಲಾ ಸಾರ್ತೀನಿ."

ಹೊಲಿದೆ. ಸಂಜೆ ಬಂದು ಕನ್ನಡಕ ಏರಿಸಿ ನೋಡಿದಳು. ಆ ಕನ್ನಡಕದ ಮುರಿದ ಕಾಲಿಗೂ ಕೌದಿಯ ದಾರವೇ. "ಇದೇನ ಹೊಲಗಿ? ಇರುವಿ ಕುಡದು ನಡದಂಗ ಅದ," ಎಂದು ಸರ್ರನೆ ಅಷ್ಟೂ ಬಿಚ್ಚಿ ಹೋದಳು. ನಾನು ಹಲ್ಲು ಕಡಿದೆ. ಮರುದಿನ ಎದ್ದದ್ದೇ ಸೂಜಿ ಹಿಡಿದೆ. ಅವಳ ಬಾಯಿ ಮುಚ್ಚಿಸಬೇಕು, ಅಷ್ಟೇ ಆಸೆ. ಹೊಲಿಯುತ್ತ ಹೊಲಿಯುತ್ತ ಅವಳಿಗೆ ಹೇಳಬೇಕಾದ ಬಯ್ಗುಳಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಸೂಜಿ ಒಳಗೆ ಹೋಗುವುದು, ಹೊರಗೆ ಬರುವುದು, ಅದನ್ನು ನೋಡುತ್ತ ಮಧ್ಯಾಹ್ನ ಕಳೆದದ್ದೇ ತಿಳಿಯುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ನಾನು ಇನ್ನೊಂದು ರೊಟ್ಟಿ ಕೇಳಿದೆನಂತೆ. ಸುವರ್ಣ ಒಳಗೆ ಹೋಗಿ ಕಣ್ಣೊರೆಸಿಕೊಂಡಳಂತೆ. ನನಗೆ ಅದೊಂದೂ ಗೊತ್ತಿಲ್ಲ, ನಾನು ಜಗಳದಲ್ಲಿದ್ದೆ.

ನನಗೇನಾಗಿದೆ ಎಂದು ಖಾಜಾಬೀ ಒಮ್ಮೆಯೂ ಕೇಳಲಿಲ್ಲ. ಸುವರ್ಣ ಒಂದು ದಿನ ನನ್ನ ಮುಂದೆಯೇ, "ಅತ್ತಿಗಿ ಯಾಕ ಹಿಂಗಾಗ್ಯಾದ ಅಂತ ನೀವರೆ ಕೇಳ್ರಿ ಖಾಲಾ" ಅಂದಾಗ ಅವಳ ಮೇಲೆಯೇ ಹರಿಹಾಯ್ದಳು. "ಯಾಕ ಕೇಳ್ಬೇಕು? ಕೇಳಿದ್ರ ಹೇಳ್ತಾಳ, ಹೇಳಿದ್ರ ಅಳ್ತಾಳ, ಕಣ್ಣಾಗ ನೀರು ಬಂದ್ರ ಸೂಜಿ ಕಾಣಂಗಿಲ್ಲ. ಕೌದಿ ಯಾರ್ ನಿಮ್ಮಪ್ಪ ಹೊಲಿತಾನೇನ?"

ನನ್ನ ಮೊದಲ ಕೌದಿ ಮುಗಿದ ದಿನ ಗೆದ್ದೆನೆಂದು ಅದನ್ನು ಅವಳ ಕಟ್ಟೆಯ ಮೇಲೆ ಹರವಿದೆ. ಹೊಲಿಗೆಯಲ್ಲಿ ತಪ್ಪು ಸಿಗಲಿಲ್ಲ. ನಡುವಿನ ತೇಪೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಬರಿದು! ಗೆಲ್ಲುವ ಅವಸರದಲ್ಲಿ ರೊಟ್ಟಿ ಇಡುವುದು ಮರೆತಿದ್ದೆ. "ಉಪಾಸ ಕೆಡವಿದ್ಯಲ್ಲೇ! ಮನಿಗಿ ಬಂದವರ್ನೂ ಹಿಂಗೇ ಕಳಸ್ತಿಯೇನ?" ಎಂದು ಕತ್ತರಿ ಹಾಕಿಯೇಬಿಟ್ಟಳು. ಇನ್ನು ನಿನ್ನ ಮಾರಿ ನೋಡುವುದಿಲ್ಲ ಎಂದು ಎದ್ದು ಬಂದೆ. ಮರುದಿನ ಮುಂಜಾನೆ ಅವಳೇ ಕೂಗಿದಳು, "ಏ ಕಮಲಾಪುರದಾಕಿ, ಸತ್ತಿಯೋ ಇದ್ದೀಯೋ?" "ನಿನ್ನ ಮಣ್ಣಿಗಿ ಬಂದೇ ಸಾಯ್ತೀನಿ" ಎನ್ನುತ್ತ ರೊಟ್ಟಿಯ ಚೂರು ಹಿಡಿದು ಹೋದೆ. ನಮ್ಮಿಬ್ಬರ ಮಾತು ಕೊನೆಯ ತನಕ ಇದಕ್ಕಿಂತ ಮೆತ್ತಗಾಗಲಿಲ್ಲ.

ಆಮೇಲೆ ಅವಳು ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ನೋಡಿಕೊಳ್ಳುತ್ತೇನೆಂದು ಅವಳ ತಂಗಿ ಬಂದು ಕರೆದೊಯ್ದಳು. ಎಲ್ಲಿಗೆ ಅಂತೀರಿ? ಕಮಲಾಪುರಕ್ಕೆ. ನನ್ನ ಊರು ಅವಳಿಗಾಯಿತು, ಅವಳ ಓಣಿ ನನಗುಳಿಯಿತು.

ಅದೇ ಹೊತ್ತಿಗೆ ನನ್ನ ಮಗಳು ಜಗದೇವಿ ಚೊಚ್ಚಲ ಹೆರಿಗೆಗೆ ಬಂದಳು. ಅವಳನ್ನು ಕಮಲಾಪುರದಲ್ಲೇ ಕೊಟ್ಟಿದ್ದೇವೆ. ಹೆಣ್ಣು ಮಗು. ಕೆಂಪಗೆ, ಮುಷ್ಟಿ ಬಿಗಿದುಕೊಂಡು ಯಾರದೋ ಜೊತೆ ಜಗಳಕ್ಕೇ ಬಂದ ಹಾಗೆ ಹುಟ್ಟಿತು! ಆದರೆ ಜಗದೇವಿ ಅದರ ಕಡೆ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಮಗು ಅತ್ತರೆ ಅವಳ ಕೈ ಏಳುತ್ತಿರಲಿಲ್ಲ. ನಾವೇ ಎತ್ತಿ ಎದೆಗೆ ಹಿಡಿಯಬೇಕು. ಬಾಣಂತಿಯರಿಗೆ ಹೀಗೂ ಆಗುತ್ತದೆ ಎಂದು ಡಾಕ್ಟರು ಗುಳಿಗೆ ಬರೆದರು, ಕೊಟ್ಟೆವು. ನಿಧಾನಕ್ಕೆ ಸರಿಹೋಗುತ್ತದೆ ಅಂದರು. ಆ ಗೋಡೆ ನನಗೆ ಗೊತ್ತಿತ್ತು. ಒಮ್ಮೆ ನಾನೂ ಹಾಗೇ ಕೂತವಳು. ಮಗಳು ಅಲ್ಲೇ ಉಳಿದುಬಿಟ್ಟರೆ? ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ಬರಿಗೈಲಿ ಹೋಗಬಾರದೆಂದು ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಕೊಂಡಿದ್ದೆ. ಖಾಜಾಬೀ ಮಂಚದ ಮೇಲಿಂದಲೇ ಶುರು ಮಾಡಿದಳು. "ಇಕಿನ್ನ ನೋಡ್ರೇ! ಇಲ್ಲಿ ಬೆಳ್ಯೋ ಬಾಳಿಹಣ್ಣ ಇಲ್ಲಿಗೇ ಹೊತ್ಕೊಂಡು ಬಂದಾಳ! ನಾಳಿಗಿ ಚೀಲದಾಗ ಬಿಸಲು ತರ್ತಾಳ!"

ಅವಳು ಅರ್ಧವಾಗಿದ್ದಳು. ದನಿ ಮಾತ್ರ ಹಾಗೇ ಇತ್ತು. ಎಲ್ಲ ಹೇಳಿದೆ. "ಕಾರ್ ಮಾಡ್ಕೊಂಡು ಬರ್ತೀನಿ. ನೀ ಒಮ್ಮಿ ಬಂದು ಅಕಿಗಿ ಬೈದು ಹೋಗು ಖಾಜಾಬೀ."

"ಎದ್ದು ಕೂಡಾಕ ಆಗವಲ್ದು, ಇಕಿಗಿ ಕಾರ್ ಬೇಕಂತ. ನಿನ್ನ ಬಾಯಿಗಿ ಏನಾಗ್ಯಾದ?"

"ಮಗಳಲ್ಲೇನ. ಬಯ್ಯಾಕ ಮನಸು ಬರಂಗಿಲ್ಲ."

"ಮತ್ತ ನಿನಗ ಬಯ್ಯಾಗ ನನಗ ಮನಸು ಬರ್ತಿತ್ತಂತ ತಿಳಿದ್ಯೇನ?"

ಅಂದವಳೇ ಸೂಜಿ ತೆಗೆದು ಹಲ್ಲಲ್ಲಿ ಸಿಗಿಸಿಕೊಂಡಳು, ಅಂಥ ಇನ್ನೊಂದು ಮಾತು ಹೊರಗೆ ಬರದ ಹಾಗೆ. ಆಮೇಲೆ ದಿಂಬಿನ ಕೆಳಗಿನಿಂದ ಒಂದು ಪುಟ್ಟ ಕೌದಿ ಎಳೆದು ನನ್ನ ಮೇಲೆ ಒಗೆದಳು. ಜಗದೇವಿಯ ಹೆರಿಗೆ ಹತ್ತಿರವೆಂದು ಗೊತ್ತಿದ್ದವಳು ಮಲಗಿದಲ್ಲೇ ಹೊಲಿದದ್ದು. ಹೊಟ್ಟೆಯ ಒಂದು ಬದಿ ತೆರೆದೇ ಇತ್ತು. "ಕೂಸಿಗಿ. ಆ ಹುಡುಗಿನೇ ಉಣಿಸಿ ಮುಚ್ಚಬೇಕು. ನೀ ಕೈ ಹಚ್ಚಿದ್ರ ನೋಡು. ಏಳು, ಬಸ್ ತಪ್ತದ."

ಮನೆಗೆ ಬಂದು ಸೂಜಿ ಕಚ್ಚಿಕೊಂಡೆ. ತುಟಿ ಚುಚ್ಚಿತು. "ಏ ಜಗದೇವಿ! ನಿನ್ನ ಮಗಳ ಕೌದಿ ಹೊಟ್ಟಿ ತಕ್ಕೊಂಡು ಬಿದ್ದದ, ನೀ ಗ್ವಾಡಿ ನೋಡ್ಕೋತ ಮಲಗು! ನಾಕ ಹೊಲಗಿ ಹಾಕಾಕ ಬರದಾಕಿನ್ನ ಕೊಟ್ಟಾರ ಅಂತ ನಿಮ್ಮತ್ತಿ ಕಮಲಾಪುರದ ತುಂಬಾ ಸಾರ್ಲಿ!"

ಸುವರ್ಣ ಗಾಬರಿಯಾಗಿ, "ಅತ್ತಿ, ನಿಮಗೇನಾಗ್ಯಾದರೀ!" ಅಂದಳು. ಜಗದೇವಿ ಮೆಲ್ಲಗೆ ಹೊರಳಿದಳು. "ನಾಚಿಕಿ ಬರಂಗಿಲ್ಲೇನವ್ವಾ ನಿನಗ? ಬಾಣಂತಿಗಿ ಹಿಂಗ ಅಂತಾರೇನ? ತಾ ಇಲ್ಲಿ!" ಕಣ್ಣಲ್ಲಿ ಕಿಡಿ! ಆ ಕಿಡಿ ನೋಡಿ ನನಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ. ಅವಳು ಹಾಕಿದ ಹೊಲಿಗೆ ನೋಡಿ, "ಇರುವಿ ಕುಡದು ನಡದಂಗ ಅದ," ಎಂದು ಬಿಚ್ಚಿದೆ.

ಹಾಕುವುದು, ಬಿಚ್ಚುವುದು, ಬಯ್ದಾಡುವುದು, ಹೀಗೇ ದಿನ ಹೋದವು. ಕೆಲವು ದಿನ ಸೂಜಿ ಮುಟ್ಟದೆ ಮತ್ತೆ ಗೋಡೆಗೇ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ಒಳಗಿನಿಂದ ಅವಳ ದನಿ ಬಂತು. "ಅವ್ವಾ, ರೊಟ್ಟಿ ಚೂರು ತಾ, ಕೌದಿಗಿ ಹಸದದ. ಇಕಿನ್ನೂ ಕೊಡಿಲ್ಲಿ. ಇಕಿಗೂ ಹಸದಿರಬೇಕು."

ಮೊಮ್ಮಗಳನ್ನು ಕೊಟ್ಟೆ. ಅವಳೇ ಕೈ ಚಾಚಿ ತೆಗೆದುಕೊಂಡಳು.

ಮುಚ್ಚಿದ ಕೌದಿಯನ್ನು ಚೀಲದಲ್ಲಿಟ್ಟುಕೊಂಡು, ಈ ಸಲ ಬಾಳೆಹಣ್ಣಿಲ್ಲದೆ, ಕಮಲಾಪುರಕ್ಕೆ ಹೋದೆ. ತಂಗಿಯ ಮನೆಯ ಮುಂದೆ ಆ ಮಂಚವನ್ನು ಗೋಡೆಗೆ ನಿಲ್ಲಿಸಿದ್ದರು. ಹಿಂದಿನ ವಾರವೇ ಮಣ್ಣು ಮಾಡಿದ್ದರಂತೆ. ನಮ್ಮ ಫೋನ್ ನಂಬರು ಗೊತ್ತಿಲ್ಲದೆ ತಿಳಿಸಲಾಗಲಿಲ್ಲವಂತೆ. ನಾನು ಅಳಲಿಲ್ಲ, ಮಂಚದ ಮುಂದೆ ನಿಂತು ಬಯ್ದೆ. "ಒಂದು ವಾರ ತಾಳಾಕ ಆಗಲಿಲ್ಲೇನ ಮುದುಕೀ? ನೋಡೇ ಹೋಗಬೇಕಿತ್ತಿಲ್ಲ?" ಅವಳ ತಂಗಿ ನನ್ನ ಕೈ ಹಿಡಿದುಕೊಂಡಳು.

ಈಗ ದಿನಾ ನಾನೇ ಖಾಜಾಬೀಯ ಕಟ್ಟೆಯ ಮೇಲೆ ಕೂಡುತ್ತೇನೆ. ಕೌದಿ ಹಾಸಿ ಮೊಮ್ಮಗಳನ್ನು ಅದರ ಮೇಲೆ ಬಿಡುತ್ತೇನೆ. ಬೋರಲು ಬಿದ್ದು, ತೆವಳಿ, ನೇರ ಆ ನಡುವಿನ ತೇಪೆಗೇ ಹೋಗಿ ಬಾಯಿ ಹಾಕುತ್ತಾಳೆ ಕಳ್ಳಿ! ಒಳಗಿನ ರೊಟ್ಟಿಯ ವಾಸನೆ ಹತ್ತಿದೆಯೋ ಏನೋ. ನನಗೆ ನಗು ತಡೆಯಲಾಗುವುದಿಲ್ಲ. ಆದರೂ ಹಲ್ಲಲ್ಲಿ ಸೂಜಿ ಸಿಗಿಸಿ, ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ:

"ಏ ಕಮಲಾಪುರದಾಕಿ! ಅದರ ಪಾಲಿಂದು ಅದಕ್ಕ ಬಿಡು!"