ಒದ್ದೆ ಟವೆಲ್ಲಿನಲ್ಲಿ ಸುತ್ತಿ ತಂದ ರಕ್ತ

ಗೋಡೆಗೆ ಬಳೆ ಉಜ್ಜುವ ಸದ್ದು. ಆ ವರ್ಷ ಮಂಡ್ಯದ ನನ್ನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಸದ್ದಿನಿಂದ. ಹಾಲಿನವನು ಬರುವುದಕ್ಕೂ ಮೊದಲು ಗಾಜಿನ ಬಳೆಗಳು ಕೊರ್ರ್ ಕೊರ್ರ್ ಎಂದು ಗೋಡೆ ಸವರಿಕೊಂಡು ಕೋಣೆಯಿಂದ ಬಚ್ಚಲಿಗೆ ಹೋಗುತ್ತಿದ್ದವು. ನನ್ನ ಅಣ್ಣನ ಮೊಮ್ಮಗಳು, ಇನ್ನೂ ಕಾಲೇಜು ಓದುವ ಹುಡುಗಿ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಬಿಸಿಲೇರಿದ ಮೇಲೆ ಅದೇ ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿಯುವಳು. ನನಗೆ ಇದೊಂದು ಪಜಲ್ ಆಗಿಬಿಟ್ಟಿತ್ತು. ನೋವು ಅಂದರೆ ದುಡಿದಷ್ಟೂ ಹೆಚ್ಚಬೇಕು, ಮಲಗಿದರೆ ಇಳಿಯಬೇಕು. ಇವಳದು ಉಲ್ಟಾ.

ಅವಳು ವಿ.ಸಿ. ಫಾರಂನ ಕಾಲೇಜಿನಲ್ಲಿ ಕೃಷಿ ಓದುತ್ತಿದ್ದಳು. ಬೆಳಗಿನ ಪ್ರಾಕ್ಟಿಕಲ್ ಗದ್ದೆಯಲ್ಲಿ. ತಡವಾದರೆ ಅಟೆಂಡೆನ್ಸ್ ಇಲ್ಲ. ಅಟೆಂಡೆನ್ಸ್ ಸಾಲದು ಎಂದು ಮನೆಗೆ ಫೋನು ಹೋದದ್ದೇ ತಡ, ಅವಳ ಅಪ್ಪ, ಎಂದರೆ ನನ್ನ ಅಣ್ಣನ ಮಗ, ಮಳವಳ್ಳಿ ಪಕ್ಕದ ಊರಿನಿಂದ ಬೈಕೇರಿ ಬಂದ. ರೇಷ್ಮೆ ಹುಳು ಸಾಕುವವನು. ಬಂದವನು ಚಪ್ಪಲಿ ಕೂಡ ಬಿಡಲಿಲ್ಲ.

"ಅತ್ತೆ, ನಿಮ್ಮನೇಲಿ ಮಡಗಿದ್ದು ಓದ್ಲಿ ಅಂತ. ಉಣ್ಣಿಸಿ ಮನಗ್ಸಕ್ಕಲ್ಲ."

"ಬೆಳಿಗ್ಗೆ ಸೊಂಟ ಕೊರಡಾಗಿರ್ತದೆ ಕಣಪ್ಪ," ಎಂದಳು ಹುಡುಗಿ.

"ಬಿಸ್ಲು ಬಂದೇಟ್ಗೆ ಅದೆಂಗೆ ಸರ್ಯಾಯ್ತದೆ? ಒತ್ತು ನೋಡ್ಕಂಡು ಬರೋ ನೋವ ನಾನು ಚಿಕ್ಕುಡ್ಗಾಗಿಂದ ಕಂಡಿವ್ನಿ. ನಿಮ್ ತಾತುನ್ ಬುದ್ಧಿ ನಿಂಗೆ. ಓದಿದ್ದು ಸಾಕು, ಬಂದು ಹುಳ್ಗೆ ಸೊಪ್ಪಾಕು. ಗಂಡು ನೋಡ್ತೀನಿ."

ತಾತ ಎಂದರೆ ನನ್ನ ಅಣ್ಣ. ಊರೆಲ್ಲ ಅವನನ್ನು ಮೈಗಳ್ಳ ಎನ್ನುತ್ತಿತ್ತು. ಹೊತ್ತೇರುವ ತನಕ ಜಗುಲಿ ಬಿಟ್ಟು ಏಳುತ್ತಿರಲಿಲ್ಲವಂತೆ, ಅದಕ್ಕೇ ಹಿಪ್ಪುನೇರಳೆ ಸೊಪ್ಪಿನ ಹೊರೆಯೆಲ್ಲ ಈ ಮಗನ ತಲೆಗೆ ಎಳವೆಯಲ್ಲೇ ಬಿತ್ತು. ನಾನು ಹತ್ತಿರದಿಂದ ನೋಡಿದ್ದು ಕಡಿಮೆ. ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನಲ್ಲಿ ಪವರ್ ಸ್ಟೇಷನ್ ಕೆಲಸದಲ್ಲಿದ್ದ ಸೋದರಮಾವ ನನ್ನನ್ನು ತನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ, ಆಮೇಲೆ ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿಗೆ ಹಾಕಿದರು. ಅಣ್ಣ ನನಗೆ ರಜೆಯ ಅಣ್ಣ.

ಕೀಲುಮೂಳೆಯ ಡಾಕ್ಟರೊಬ್ಬರಿಗೆ ತೋರಿಸೋಣ, ಆಮೇಲೆ ನಿನ್ನಿಷ್ಟ ಎಂದು ಅವನನ್ನು ಒಪ್ಪಿಸಿದೆ. ಡಾಕ್ಟರು ಎಕ್ಸ್‌ರೇ ನೋಡಿ, ನನ್ನ ಪಜಲನ್ನೇ ಅವಳ ಬಾಯಿಂದ ಇನ್ನೊಮ್ಮೆ ಕೇಳಿ, ಎಚ್‌ಎಲ್‌ಎ-ಬಿ27 ಎಂಬ ಒಂದು ರಕ್ತಪರೀಕ್ಷೆ ಬರೆದರು. ಮಂಡ್ಯದ ಒಂದು ಲ್ಯಾಬಿನಲ್ಲಿ ಅದನ್ನು ವಾರಕ್ಕೊಮ್ಮೆ ಮಾಡುತ್ತಿದ್ದರು.

"ರಕ್ತ ಏನೇಳ್ತದೋ ಅಂಗೇ ಮಾಡಾನ," ಎಂದ ನನ್ನ ಸೋದರಳಿಯ. "ಏನೂ ಇಲ್ಲ ಅಂದ್ರೆ ಗಂಟುಮೂಟೆ ಕಟ್ಬೇಕು. ಆಮೇಲೆ ನೀವು ನಡುವೆ ಬಾಯಾಕಂಗಿಲ್ಲ ಅತ್ತೆ." ಅಲ್ಲಿತನಕ ಊರಲ್ಲಿರಲಿ ಎಂದು ಮಗಳನ್ನು ಕರೆದುಕೊಂಡೂ ಹೋದ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳಿಗೆ ಬೈಕಿನಲ್ಲಿ ಕೂರಲಾಗಲಿಲ್ಲ. ಮಳವಳ್ಳಿಯ ಪರಿಚಯದ ನರ್ಸೊಬ್ಬರಿಂದ ರಕ್ತ ತೆಗೆಸಿ, ಟ್ಯೂಬನ್ನು ತಾನೇ ತರುತ್ತೇನೆಂದು ಅಪ್ಪ ಹೊರಟ. ನಾನು ಲ್ಯಾಬಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಬಹಳ ಹೊತ್ತಾದ ಮೇಲೆ ಬಂದ. ಭಾರತೀನಗರದಲ್ಲಿ ಫ್ಯಾಕ್ಟರಿಯ ಕಬ್ಬಿನ ಗಾಡಿಗಳು ಅಡ್ಡ ನಿಂತಿದ್ದವಂತೆ. ಎದೆಗೆ ಒಂದು ಚೀಲ ಅವಚಿಕೊಂಡಿದ್ದ. ಚೀಲದೊಳಗೆ ಒದ್ದೆ ಟವೆಲ್ಲು, ಟವೆಲ್ಲಿನೊಳಗೆ ಡಬ್ಬಿ, ಡಬ್ಬಿ ತುಂಬ ಐಸು, ಐಸಿನ ನಡುವೆ ಬೆರಳುದ್ದದ ಟ್ಯೂಬು.

"ರೇಷ್ಮೆ ಮೊಟ್ಟೆ ತಂದಂಗೇ ತಂದಿವ್ನಿ ಕಣಮ್ಮ," ಎಂದು ಲ್ಯಾಬ್ ಟೆಕ್ನಿಷಿಯನ್ ಹುಡುಗಿಗೆ ಹೇಳಿದ. "ಬಿಸ್ಲು ತಾಕ್ಸಿಲ್ಲ. ದಾರೀಲಿ ಎಲ್ಡು ಕಡೆ ಟವಲ್ಗೆ ನೀರು ಉಯ್ದಿವ್ನಿ."

ಆಕೆ ಟ್ಯೂಬನ್ನು ಬೆಳಕಿಗೆ ಹಿಡಿದು, "ಅಯ್ಯೋ ಅಣ್ಣಾ, ಐಸಲ್ಲಿ ಇಡ್ಬಾರ್ದಿತ್ತು. ಈ ಟೆಸ್ಟಿಗೆ ಜೀವಕೋಶ ಬದುಕಿರ್ಬೇಕು. ಇದು ಆಗಲ್ಲ," ಎಂದಳು.

"ತಣ್ಣಗಿದ್ರೆ ತಾನೆ ಬದುಕೋದು?"

"ನಿಮ್ಮ ಮೊಟ್ಟೆ ಬದುಕ್ಬೋದು. ರಕ್ತ ಮಾಮೂಲಿ ಹವೆಯಲ್ಲೇ ಬರ್ಬೇಕಿತ್ತು."

ಟವೆಲ್ಲಿನಿಂದ ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಬೆಳೆಯ ಜೋಪಾನವನ್ನೆಲ್ಲ ಆ ಟ್ಯೂಬಿಗೆ ಮಾಡಿದ್ದ. ಇಷ್ಟು ದಿನ ಮಗಳನ್ನು ಬೈದ ದನಿ ಯಾವುದು, ಟವೆಲ್ಲಿಗೆ ನೀರು ಹುಯ್ದ ಕೈ ಯಾವುದು ಎಂದು ನಾನು ಸುಮ್ಮನೆ ನೋಡುತ್ತಾ ಕೂತೆ.

ಮುಂದಿನ ವಾರ ಮಧ್ಯಾಹ್ನದ ಬಸ್ಸಿಗೆ ಅಪ್ಪ ಮಗಳು ಇಬ್ಬರೂ ಬಂದರು. ಲ್ಯಾಬಿನಲ್ಲೇ ರಕ್ತ ತೆಗೆದರು. ಹೇಗೆ ಮಾಡ್ತೀಯಮ್ಮ, ಸ್ವಲ್ಪ ತೋರಿಸು, ಪ್ಲೀಸ್ ಎಂದು ನಾನು ಟೆಕ್ನಿಷಿಯನ್ ಹುಡುಗಿಯ ಬೆನ್ನು ಹತ್ತಿದೆ. ಏನನ್ನೂ ಮುಟ್ಟದೆ ಬಾಗಿಲಲ್ಲಿ ನಿಲ್ಲಲು ಬಿಟ್ಟಳು. ಕಾನ್ವೆಂಟಿನ ಸೈನ್ಸ್ ಸಿಸ್ಟರ್ ನನಗೆ, "ಒಂದು ಸಲಕ್ಕೆ ಒಂದೇ ಪ್ರಶ್ನೆ, ಚೈಲ್ಡ್," ಎನ್ನುತ್ತಿದ್ದರು. ಆ ವಯಸ್ಸಿನಲ್ಲಿ ಕಲಿಯದ್ದು ಈಗ ಬರುತ್ತದೆಯೆ?

ಆಕೆ ದೀಪ ಸಣ್ಣದು ಮಾಡಿ, ಫ್ರಿಡ್ಜಿನಿಂದ ಕಂದು ಬಣ್ಣದ ಒಂದು ಪುಟ್ಟ ಸೀಸೆ ತೆಗೆದಳು.

"ನೋಡಿದ್ರಾ ಅತ್ತೆ," ಎಂದು ನನ್ನ ಭುಜದ ಹಿಂದಿನಿಂದ ಸೋದರಳಿಯ, "ಅವ್ರು ಮಾತ್ರ ಫ್ರಿಡ್ಜಲ್ಲಿ ಮಡಗ್ಬೋದು. ನಾನು ಮಡಗಿದ್ರೆ ತಪ್ಪು."

"ಇದು ಆಂಟಿಬಾಡಿ ಅಣ್ಣ, ರಕ್ತ ಅಲ್ಲ," ಎಂದು ಆಕೆ ನಕ್ಕಳು. ರಕ್ತದ ಬಿಳಿ ಕಣಗಳ ಮೈಮೇಲೆ ಥರಾವರಿ ಪ್ರೋಟೀನುಗಳಿರುತ್ತವಂತೆ. ಈ ಆಂಟಿಬಾಡಿ ಅವುಗಳಲ್ಲಿ ಡಾಕ್ಟರು ಬರೆದ ಬಿ27 ಒಂದನ್ನೇ ಹುಡುಕಿ ಕಚ್ಚಿಕೊಳ್ಳುತ್ತದಂತೆ. ಅದಕ್ಕೆ ಒಂದು ಫ್ಲೋರೆಸೆಂಟ್ ಬಣ್ಣ ಅಂಟಿಸಿರುತ್ತಾರೆ. ಮಷೀನಿನೊಳಗೆ ಕಣಗಳು ಒಂದೊಂದಾಗಿ ಲೇಸರ್ ಬೆಳಕನ್ನು ಹಾಯುವಾಗ, ಆಂಟಿಬಾಡಿ ಕಚ್ಚಿಕೊಂಡಿರುವ ಕಣ ಹಸಿರಾಗಿ ಹೊಳೆಯುತ್ತದೆ.

"ಆ ಪ್ರೋಟೀನ್ ಇಲ್ಲದಿದ್ದರೆ?"

"ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ತೊಳೆದಾಗ ಹೊರಟೋಗುತ್ತೆ."

"ದೀಪ ಯಾಕೆ ಸಣ್ಣದು?"

"ಬೆಳಕಿಗೆ ಬಿಟ್ರೆ ಬಣ್ಣ ಮಂಕಾಗುತ್ತೆ ಅಮ್ಮ."

"ಈ ಆಂಟಿಬಾಡಿನ ಎಲ್ಲಿಂದ ತರ್ತಾರೆ?"

"ಮೂಲ ಇಲಿಯದು. ಈಗ ಜೀವಕೋಶಗಳನ್ನ ಬೆಳೆಸಿ ಮಾಡ್ತಾರೆ."

"ಇಲೀದಾ?" ಎಂದು ಹಿಂದಿನಿಂದ ಕೂಗು ಬಂತು. "ಇಲೀದ ತಂದು ನನ್ ಮಗಳ ಮೈಗಾಕ್ಬುಟ್ರಾ?"

"ಮೈಗಲ್ಲ ಕಣಪ್ಪ, ಟ್ಯೂಬಿಗೆ," ಎಂದಳು ಮಗಳು. "ಸುಮ್ಕಿರು, ಮಾನ ಕಳೀಬ್ಯಾಡ."

ಕಂಪ್ಯೂಟರಿನ ಮೇಲೆ ಚುಕ್ಕೆಗಳು ಉದುರಿ ಗುಡ್ಡೆಯಾಗತೊಡಗಿದವು. ಪ್ರೋಟೀನ್ ಇಲ್ಲದ ಬೇರೊಬ್ಬರ ರಕ್ತವನ್ನು ಹೋಲಿಕೆಗೆಂದು ಮೊದಲೇ ಓಡಿಸಿದ್ದರು. ಆ ಗುಡ್ಡೆ ಎಡಗಡೆ ಇತ್ತು. ಇವಳದು ಬಲಗಡೆ ಏರಿತು. ಎಷ್ಟು ಚಂದ ಅನ್ನಿಸಿತು ನನಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಕಾಯಿಲೆಯ ಸುಳಿವು ಎನ್ನುವುದು ಆ ಕ್ಷಣ ಮರೆತೇಹೋಯಿತು. ಹುಡುಗಿ ನನ್ನ ಕೈ ಹಿಡಿದುಕೊಂಡು, "ಬಲಕ್ಕೆ ಬಂದ್ರೆ ಇದೆ ಅಂತ ತಾನೆ ಅಜ್ಜಿ?" ಎಂದು ಕೇಳಿದಳು. ದನಿಯಲ್ಲಿ ಹೆದರಿಕೆ ಇರಲಿಲ್ಲ.

ಡಾಕ್ಟರು ರಿಪೋರ್ಟ್ ನೋಡಿ ನಿಧಾನವಾಗಿ ಹೇಳಿದರು. ಈ ಪ್ರೋಟೀನ್ ಇರುವ ಎಷ್ಟೋ ಜನ ಆರಾಮವಾಗಿರುತ್ತಾರೆ. ಆದರೆ ಎಕ್ಸ್‌ರೇ, ಇವಳ ಬೆಳಗಿನ ನೋವು, ಈ ರಿಪೋರ್ಟು, ಮೂರನ್ನೂ ಸೇರಿಸಿದರೆ ಮಲಗಿದಷ್ಟೂ ಬಿಗಿದು ಓಡಾಡಿದಷ್ಟೂ ಸಡಿಲಾಗುವ ಬೆನ್ನುಮೂಳೆಯ ವಾತವೇ. ಮಾತ್ರೆ ಇದೆ, ವ್ಯಾಯಾಮ ಬೇಕು, ಮಲಗಿ ಕೂರಬಾರದು, ಹಾಗೇ ಬಿಟ್ಟರೆ ಬೆನ್ನು ಕತ್ತು ಬೆಸೆದುಕೊಂಡು ಬಾಗಿಹೋಗುತ್ತವೆ. ಕಾಲೇಜಿಗೆ ತಾವೇ ಬರೆದುಕೊಡುತ್ತಾರಂತೆ. ಕೊನೆಗೆ, "ಇದು ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬಂದಿರುತ್ತೆ," ಎಂದರು.

ಸೋದರಳಿಯನ ಮುಖ ಇಳಿಯಿತು. "ನಮ್ ರೇಷ್ಮೇಲಿ ತಾಯಿ ಚಿಟ್ಟೆ ಅರೆದು ನೋಡ್ತಾರೆ ಸಾ. ಅದ್ರಲ್ಲಿ ಗಂಟುರೋಗ ಕಂಡ್ರೆ ಮರೀಗೂ ಬತ್ತದೆ ಅಂತ ಮೊಟ್ಟೆಯೆಲ್ಲ ಸುಟ್ಟಾಕ್ತಾರೆ."

"ಅದು ರೋಗಾಣು ಕಣಪ್ಪ. ಇದು ಬರೀ ಒಂದು ಗುರುತು. ಮಗಳು ಓದ್ತಾಳೆ, ದುಡೀತಾಳೆ, ನಿನ್ನನ್ನೂ ಸಾಕ್ತಾಳೆ."

"ಓದ್ಲಿ ಬುಡಿ ಸಾ. ಯಾರ್ ಬ್ಯಾಡ ಅಂದ್ರು?" ಎಂದ. ಯಾರು ಬೇಡ ಅಂದರೆಂದು ಮಗಳು ಅವನನ್ನೇ ನೋಡಿದಳು. ಅವನು ಮೇಜು ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ, "ಅಂಗಾದ್ರೆ ನಮ್ಮಪ್ಪ?"

"ತೀರಿಹೋದವರ ರಕ್ತ ಈಗ ಎಲ್ಲಿಂದ ತರೋಣ? ಹೇಗಿದ್ದರು ಹೇಳಿ."

ಅವನು ನನ್ನ ಕಡೆ ನೋಡಿದ. ಅಣ್ಣನನ್ನು ನಾನು ಕೊನೆಯ ಸಲ ಕಂಡದ್ದನ್ನು ಹೇಳಿದೆ.

ಮದ್ದೂರು ರೈಲ್ವೆ ಸ್ಟೇಷನ್, ಬೆಳಗಿನ ಗಾಡಿ. ನನ್ನನ್ನು ಹತ್ತಿಸಲು ಬಂದಿದ್ದ. ಬೆನ್ನು ಬಾಗಿ ಮುಖ ನೆಲದ ಕಡೆಗಿತ್ತು. ಕಣ್ಣು ಮಾತ್ರ ಮೇಲೆತ್ತಿ ಕಿಟಕಿಯೊಳಗೆ ನೋಡುತ್ತಿದ್ದ. "ಕಾಗ್ದ ಆಕು ಕಣವ್ವ," ಎಂದ. ಗಾಡಿ ಹೊರಟಿತು. ಬೀಳ್ಕೊಡಲು ಬಂದವರೆಲ್ಲ ಕತ್ತು ತಿರುಗಿಸಿ ಕೈಬೀಸುತ್ತಿದ್ದರು. ಅವನ ಕತ್ತು ತಿರುಗುತ್ತಿರಲಿಲ್ಲ. ಕೈಯೆತ್ತಿಕೊಂಡೇ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಇಡೀ ಮೈಯನ್ನು ನನ್ನ ಕಡೆಗೆ ತಿರುಗಿಸತೊಡಗಿದ. ಪೂರ್ತಿ ತಿರುಗುವಷ್ಟರಲ್ಲಿ ನನ್ನ ಬೋಗಿ ಪ್ಲಾಟ್‌ಫಾರಂ ದಾಟಿತ್ತು.