ಮುಚ್ಚಬಾರದ ಗುಂಡಿ

ಹೂಗ್ಯಂ ಊರಿನ ಚಿಕ್ಕಸಿದ್ದಯ್ಯ ಮೂವತ್ತು ವರ್ಷ ರಸ್ತೆ ಗ್ಯಾಂಗಿನಲ್ಲಿ ದುಡಿದವನು. ಸಾಹೇಬರ ಜೀಪು ಬರುತ್ತದೆಂದರೆ ಹಿಂದಿನ ದಿನವೇ ಜಲ್ಲಿ, ಮಣ್ಣು ಸುರಿದು ಗುಂಡಿ ಮುಚ್ಚಬೇಕು. ನೆಂಟರು ಬರುವ ಮುಂಚೆ ಅಂಗಳ ಗುಡಿಸಿದ ಹಾಗೆ. ರಿಟೈರಾದರೂ ಆ ಚಟ ಬಿಡಲಿಲ್ಲ, ಪುಣ್ಯಾತ್ಮ!

ಬೇಸಿಗೆಯಲ್ಲಿ ರಸ್ತೆ ಸರ್ವೆಗೆ ಬರುತ್ತಾರೆಂದು ಕೇಳಿದ್ದೇ ತಡ, ಗುದ್ದಲಿ ಹಿಡಿದು ಮೂರು ದಿನ ಬೆವರು ಹರಿಸಿದ. ಜೀಪು ಅಲುಗಾಡದೆ ಹೋಯಿತು. ಇವನು ಮೀಸೆ ತಿರುವಿದ.

ಮಳೆ ಹಿಡಿಯಿತು. ಮೋರಿ ತಿರುವಿನಲ್ಲಿ ಅವನು ಹಾಕಿದ್ದ ಮಣ್ಣೆಲ್ಲ ಕೊಚ್ಚಿಹೋಗಿ ಮೊಣಕಾಲುದ್ದ ಗುಂಡಿ ಬಾಯಿಬಿಟ್ಟಿತು. ಅಂಗನವಾಡಿಯ ಪ್ರೇಮಾ ಅಲ್ಲೇ ಬಿದ್ದು ಕೈ ಮುರಿದುಕೊಂಡಳು. ಸೊಸೆ ಕುಸುಮ ದಿನಾ ಸ್ಕೂಟರಿನಲ್ಲಿ ಹನೂರಿನ ಆಸ್ಪತ್ರೆ ಕೆಲಸಕ್ಕೆ ಹೋಗಿಬರುವುದೂ ಅದೇ ದಾರಿ. ಚಿಕ್ಕಸಿದ್ದಯ್ಯ ಮರುದಿನ ಬೆಳಗ್ಗೆ ಎದ್ದವನೇ ಬಸ್ಸು ಹತ್ತಿ ಕೊಳ್ಳೇಗಾಲದ ಆಫೀಸಿಗೆ ಓಡಿದ.

ಇಂಜಿನಿಯರ್ ಶೃತಿ ಕಂಪ್ಯೂಟರ್ ನೋಡಿದಳು. "ಬೇಸಿಗೆ ಸರ್ವೆಲಿ ನಿಮ್ಮ ರಸ್ತೆಗೆ ಒಳ್ಳೆ ಮಾರ್ಕ್ಸ್ ಬಂದಿದೆ, ಅಜ್ಜ. ಕೆಟ್ಟಿರೋ ರಸ್ತೆಗೆ ಮೊದಲು ರಿಪೇರಿ. ಮೂರು ವರ್ಷದ ಪಟ್ಟಿಯಲ್ಲಿ ನಿಮ್ಮ ಊರೇ ಇಲ್ಲ."

ತಾವು ತೋಡಿದ ಗುಂಡಿಗೆ ತಾವೇ ಬೀಳುವವರುಂಟು. ಇವನು ತಾನು ಮುಚ್ಚಿದ ಗುಂಡಿಗೆ ಊರನ್ನೇ ಕೆಡವಿದ್ದ. "ನಾನೇ ಕಣವ್ವ ಮುಚ್ದೋನು! ಮೋಸಕ್ಕಲ್ಲ, ಜೀಪು ಎಗರ್ಬಾರ್ದು ಅಂತ..." ಎಂದು ಅತ್ತೇಬಿಟ್ಟ.

ಶೃತಿ ಪಟ್ಟಿ ಇನ್ನೂ ಸಹಿಯಾಗಿಲ್ಲ ಎಂದಳು. "ನಾಳೆ ಬೆಳಗ್ಗೆ ಬಂದು ಮತ್ತೆ ಅಳೀತೀನಿ. ಅಲ್ಲಿವರೆಗೂ ಒಂದು ಹಿಡಿ ಮಣ್ಣೂ ಹಾಕಬೇಡಿ."

ಊರು ಮುಟ್ಟುವ ಹೊತ್ತಿಗೆ ಸಂಜೆಯ ಮಳೆ ಧೋ ಎಂದು ಸುರಿಯುತ್ತಿತ್ತು. ಮೋರಿ ತಿರುವಿಗೆ ಬಂದರೆ ಗುಂಡಿಯೇ ಕಾಣದು, ಬರೀ ಕೆಂಪು ನೀರು. ಅವನು ಗುರುತಿಗೆ ನೆಟ್ಟ ಕೊಂಬೆಯನ್ನು ನೀರು ಎಳೆದೊಯ್ದಿತು. ಸೊಸೆ ಬರುವ ಹೊತ್ತು. ಫೋನು ಎತ್ತುತ್ತಿಲ್ಲ. ರಸ್ತೆ ಪಕ್ಕದಲ್ಲೇ ಜಲ್ಲಿ ರಾಶಿ ಬಿದ್ದಿತ್ತು. ಹತ್ತು ಬಾಂಡ್ಲಿ ಸುರಿದರೆ ಸಾಕು, ಕುಸುಮ ಉಳಿಯುತ್ತಾಳೆ. ಸುರಿದರೆ ಮೂರು ವರ್ಷ ಊರಿನವರೆಲ್ಲ ಇಲ್ಲೇ ಬೀಳಬೇಕು. ಅಯ್ಯೋ, ಭಯವೆಂದರೆ ಅದು!

ದೂರದಲ್ಲಿ ಸ್ಕೂಟರಿನ ದೀಪ ಕಂಡಿತು. ಅವನು ನೀರಿಗಿಳಿದು ಟವೆಲ್ ಬೀಸಿದ. ಕುಸುಮ ಕಿರ್ರೆಂದು ಬ್ರೇಕ್ ಹಿಡಿದಳು.

"ಮಾವ! ಗುಂಡಿ ಒಳ್ಗೆ ಯಾಕ್ ನಿಂತಿದ್ದೀರಿ?"

"ನಾಳೆಗಂಟ ಮುಚ್ಚಂಗಿಲ್ಲ ಕಣವ್ವ." ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ನೀ ಪಕ್ಕದಲ್ಲಿ ಓಗು. ಇನ್ನೂ ಡೇರಿ ಆಲಿನ ಗಾಡಿ ಬರ್ಬೇಕು."