ಮಸ್ಕಿಯ ಹೊಲ ಹೂಂ ಅಂದದ್ದು

ಲಿಂಗಸುಗೂರಿನಿಂದ ಬೆಳಗಿನ ಎಂಟರ ಬಸ್ಸಿಗೆ ಹೊರಟೆ. ಮಸ್ಕಿಗೆ ಹದಿನೆಂಟು ಮೈಲಿ, ಹತ್ತಾಣೆ. ನಿಜಾಮರ ನಾಣ್ಯ ಹಾಲಿ ಸಿಕ್ಕಾ ಇನ್ನೂ ನಡೆಯುತ್ತಿದ್ದ ವರ್ಷಗಳವು. ಕಂಡಕ್ಟರ್ ಕಲ್ದಾರ್, ಅಂದರೆ ಇಂಡಿಯಾ ಸರ್ಕಾರದ ನಾಣ್ಯ ಕೇಳಿದ, ನಾನು ಹಾಲಿ ಕೊಟ್ಟೆ. ಮುಂದಿನ ಹಳ್ಳಿ ಬರುವಷ್ಟರಲ್ಲಿ ಸೋತು ತೆಗೆದುಕೊಂಡ. ಈ ದಾರಿಯಲ್ಲಿ ಹೋಗುವವರಿಗೆ ಒಂದು ಮಾತು: ಹಿಂದಿನ ಸೀಟು ಬೇಡ, ಧೂಳೆಲ್ಲ ನಿಮ್ಮ ಪಾಲಾಗುತ್ತದೆ.

ನನ್ನದು ಹಳೆಯ ಮಣಿಗಳ ವ್ಯಾಪಾರ. ಮಸ್ಕಿಯ ಗುಡ್ಡದ ಕೆಳಗಿನ ಕಪ್ಪು ಎರೆ ಹೊಲಗಳಲ್ಲಿ ಜೋರು ಮಳೆಯಾದ ಮರುದಿನ ಕೆಂಪು ಕಲ್ಲಿನ ಮಣಿಗಳು ಮೇಲೆ ಕಾಣುತ್ತವೆ. ಯಾವ ಕಾಲದವರು ತಮ್ಮ ಸತ್ತವರ ಜೊತೆ ಹೂಳಿದ್ದೋ! ಪಟ್ಟಣದ ಹೆಂಗಸರಿಗೆ ಈಗ ಅವು ಬೇಕು. ಊರವರದೊಂದು ರೂಢಿಯಿತ್ತು. ಮಳೆ ತೊಳೆದು ಕೊಟ್ಟದ್ದನ್ನಷ್ಟೇ ಆರಿಸುವುದು, ಆರಿಸಿದಲ್ಲಿ ಒಂದು ಚಿಟಿಕೆ ಜೋಳ ಇಡುವುದು. ಅಗೆಯುವಂತಿರಲಿಲ್ಲ. ಹಿಂದಿನ ವರ್ಷ ನಾನು ಅಮರೇಶನೆಂಬ ರೈತನ ಜೊತೆ ಬೇವಿನ ನೆರಳಲ್ಲಿ ಕೂತು, “ಮ್ಯಾಲ ಇಷ್ಟ ಸಿಗ್ತಾವಂದ್ರ ಒಳಗ ಎಷ್ಟ ಇರಬೇಕಲೇ?” ಎಂದಿದ್ದೆ. ಅಷ್ಟೇ ಅಂದದ್ದು. ಪುಕ್ಕಟೆ ಸಲಹೆ ಕೊಡುವುದು ನನ್ನ ಚಾಳಿ.

ಈ ಸಲ ಬಸ್ಸಿಳಿದು ಹೊಲದತ್ತ ನಡೆದವನು ದಾರಿ ತಪ್ಪಿತೇನೋ ಎಂದು ನಿಂತುಬಿಟ್ಟೆ. ಕಪ್ಪು ಮಣ್ಣು ಇರಲಿಲ್ಲ. ಗುಡ್ಡದ ಬುಡದವರೆಗೂ ಗುಂಡಿಗಳು. ಒಳಗಿನ ಬಿಳಿ ಗರಸು ಮೇಲೆ ಬಂದು, ಹೊಲ ಸುಣ್ಣ ಬಳಿದ ಹಾಗೆ ಬಿದ್ದಿತ್ತು. ಒಂದು ಕಾಗೆಯೂ ಇಳಿದಿರಲಿಲ್ಲ. ಗುಂಡಿಗಳಲ್ಲಿ ಅರ್ಧ ಒಡೆದ ಹಳೆಯ ಗಡಿಗೆಗಳು ಬಾಯಿ ಮೇಲೆ ಮಾಡಿ ಕೂತಿದ್ದವು. ಗಾಳಿ ಬೀಸಿತು. ಗಡಿಗೆಗಳು ಒಂದಾದ ಮೇಲೊಂದು ‘ಹೂಂ’ ಎಂದವು, ಕತೆ ಕೇಳುವವರು ಹೂಂಗುಟ್ಟಿದ ಹಾಗೆ. ಕತೆ ಹೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಅಗೆದ ಮಣಿ ಮಾರಿದ ದುಡ್ಡಿನಲ್ಲಿ ಅಮರೇಶನ ಮನೆಗೆ ಗೋಡೆ ಗಡಿಯಾರ ಬಂದಿತ್ತು. ಬ್ಯಾಟರಿ, ಟ್ರಂಕು, ಪಿಂಗಾಣಿ ಕಪ್ಪು-ಬಸಿಗಳೂ ಬಂದಿದ್ದವು. ಅವನ ತಾಯಿ ಹಂಪಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

“ಹೊಲದ ಜೋಳ ಅಲ್ಲ ತಮ್ಮಾ, ಸಂತೀದು. ಗಡಿಯಾರ ಬೀಸಿದ್ರ ಹಿಟ್ಟು ಬರಂಗಿಲ್ಲ ನೋಡು.”

“ಸೈಕಲ್ ಒಂದು ಬರ್ಲಿ ಯವ್ವಾ,” ಎಂದ ಮಗ, “ನಿನ್ನ ಹಿಂದ ಕುಂದ್ರಿಸ್ಕೊಂಡು ಸಂತಿಗೆ ಹೊಕ್ಕೀನಿ.”

“ಸಂತ್ಯಾಗ ಜೋಳಕ್ಕ ಏನ ಕೊಡ್ತೀಯಲೇ? ಸೈಕಲ್ ಗಾಲಿ?”

ಗುಡ್ಡದ ಮಗ್ಗುಲಲ್ಲಿ ಒಂದೇ ಒಂದು ಪಟ್ಟಿ ಹೊಲ ಕಪ್ಪಾಗಿ ಉಳಿದಿತ್ತು. ಅದು ಹಂಪಮ್ಮನ ಹೆಸರಿನದು. ಹಿಂಗಾರಿ ಬಿತ್ತನೆಗೆ ಎಂಟು ದಿನವಿತ್ತು, ಬೀಜದ ಜೋಳ ತೆಗೆದಿಟ್ಟಿದ್ದಳು. ಅದನ್ನೂ ಅಗೆಯಬೇಕೆಂಬುದು ಮಗನ ಹಟ. ಅಲ್ಲಿ ಸಿಗುವ ಮಣಿಗಳನ್ನೆಲ್ಲ ನನಗೇ ಮಾರಬೇಕೆಂದು ಮಾತಾಡಲು ಮೂವರೂ ಮಧ್ಯಾಹ್ನ ಅಲ್ಲಿಗೆ ಹೋದೆವು.

ಚೌಕಾಸಿಯಲ್ಲಿ ನನ್ನ ನಿಯಮ ಒಂದೇ. ಎದುರಿನವರು ‘ಹೂಂ’ ಎನ್ನುವ ತನಕ ಮಾತು ನಿಲ್ಲಿಸಬಾರದು. ‘ಹೂಂ’ ಬಂದ ಮೇಲೆ ಮಾತೇ ಆಡಬಾರದು. ಈ ಸೀಮೆಯಲ್ಲಿ ಹೂಂ ಎಂದವರು ತಿರುಗುವುದಿಲ್ಲ. ಸೈಕಲ್ಲಿಗೆ ಸಾಲುವಷ್ಟು ಮುಂಗಡ ಹೇಳಿದೆ. ಹಂಪಮ್ಮ ನಮಗೆ ಬೆನ್ನು ಮಾಡಿ ತನ್ನ ಹೊಲ ನೋಡುತ್ತ ನಿಂತಿದ್ದಳು.

“ಯವ್ವಾ, ಹೂಂ ಅನ್ನು,” ಎಂದ ಅಮರೇಶ.

ಗಾಳಿ ಬಂತು. ‘ಹೂಂ.’

“ಅಂದ್ಲು! ಕೇಳಿದ್ರಿಲ್ಲ ಸಾವ್ಕಾರ್ರ?” ಗುದ್ದಲಿ ಆಗಲೇ ಮೇಲೆದ್ದಿತ್ತು.

ಮುದುಕಿ ತಿರುಗಿದಳು. “ನಾ ಅನ್ನಲಿಲ್ಲೋ!”

“ಅಂದಿ. ಅಂದ ಮ್ಯಾಲ ತಿರುಗಬ್ಯಾಡ ಬೇ.”

ಅವಳು ನನ್ನ ಮುಖ ನೋಡಿದಳು. ದನಿ ಬಂದದ್ದು ನನ್ನ ಕಾಲ ಬಳಿಯ ಗುಂಡಿಯಿಂದ; ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೂಂ ಬಂದ ಮೇಲೆ ಮಾತಾಡಬಾರದು. ನಾನು ಮಾತಾಡಲಿಲ್ಲ. ಮುಂಗಡ ಕೊಟ್ಟು, ಹಿಂದೆ ಅಗೆದಿಟ್ಟಿದ್ದ ಮಣಿಗಳನ್ನೂ ಕೊಂಡೆ. ಅಮರೇಶ ಮುಷ್ಟಿಯಷ್ಟು ದೊಡ್ಡ ಕರಿ ಗಡಿಗೆಯೊಂದನ್ನು ಕೊಸರು ಹಾಕಿದ.

ಮರುದಿನ ಸಿಂಧನೂರಿಗೆ ಹದಿನಾರು ಮೈಲಿ. ಕಾಲುವೆ ಅಗೆಯುವ ಕೂಲಿಗಳು ಬುಟ್ಟಿ ಸಮೇತ ಹತ್ತಿ, ಬಸ್ಸಿನ ತುಂಬ ತೆಲುಗು ಮಾತು. ಪೇಟೆಯಲ್ಲಿ ಮಣಿ ಕೊಳ್ಳುವವರು ಅಂಗಡಿಯ ಗುರುಬಸಪ್ಪನವರು. ಮಣಿಗಳನ್ನು ಬೆಳಕಿಗೆ ಹಿಡಿದು ನೋಡಿ, “ಮುಂದಿನ ತಿಂಗಳೂ ಇಷ್ಟ ತರ್ತೀರೇನ್ರೀ?” ಎಂದರು. ಮಸ್ಕಿಯ ಬಿಳಿ ಹೊಲ ಕಣ್ಣಿಗೆ ಕಟ್ಟಿ, ನಾನು ಬಾಯಿ ಬಿಡಲಿಲ್ಲ. ಬೀದಿಯಿಂದ ಸುಂಟರಗಾಳಿಯೊಂದು ಒಳಗೆ ನುಗ್ಗಿತು. ಬಿಚ್ಚಿದ್ದ ನನ್ನ ಚೀಲದಲ್ಲಿ ಗಡಿಗೆ ‘ಹೂಂ’ ಎಂದಿತು.

“ಮುಗೀತು, ಮಾತಾತು!”

“ನಾ ಅನ್ನಲಿಲ್ರೀ.”

“ಇಷ್ಟ ವರ್ಷದ ವ್ಯವಹಾರ, ನಿಮ್ಮ ದನಿ ನನಗ ಗುರ್ತಿಲ್ಲೇನ್ರೀ?” ಅವರು ಗಹಗಹಿಸಿ ನಕ್ಕರು. ನನ್ನ ಬಾಯಿಂದ ಬಂದದ್ದು ಹಂಪಮ್ಮನ ಮಾತು.

ಎರಡು ದಿನ ಸಿಂಧನೂರಿನಲ್ಲಿದ್ದೆ. ಊಟ ರುಚಿಸಲಿಲ್ಲ. ಮೂರನೆಯ ದಿನ ಲಿಂಗಸುಗೂರಿಗೆ ಟಿಕೆಟ್ ತೆಗೆದು ಮಸ್ಕಿಯಲ್ಲಿ ಇಳಿದುಬಿಟ್ಟೆ. “ಚಾ ಕುಡಿಯೋ ಹೊತ್ತಷ್ಟ ನಿಲ್ಲತೈತಿ ನೋಡ್ರಿ,” ಎಂದ ಕಂಡಕ್ಟರ್.

ಓಡುತ್ತಲೇ ಹೋದೆ. ಆ ಪಟ್ಟಿಯೂ ಬೆಳ್ಳಗಾಗಿತ್ತು. ಅಮರೇಶ ಆಳು ಹಚ್ಚಿ ಅಗೆಸಿದ್ದ. ಹಂಪಮ್ಮ ಒಬ್ಬಳೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗುಂಡಿಯಿಂದ ಗುಂಡಿಗೆ ಸರಿಯುತ್ತ ಚಿಟಿಕೆ ಚಿಟಿಕೆ ಜೋಳ ಇಡುತ್ತಿದ್ದಳು.

“ಅಮರೇಶ ಎಲ್ಲಿ?”

“ಸೈಕಲ್ ತರಾಕ ಹೋಗ್ಯಾನ.”

“ಇದು ಬೀಜದ ಜೋಳ ಅಲ್ಲೇನವ್ವಾ?”

“ಹೌದಪಾ. ಇನ್ನೆಲ್ಲಿ ಬಿತ್ಲಿ?”

ಚೀಲದಿಂದ ಕರಿ ಗಡಿಗೆಯನ್ನು ತೆಗೆದು ಗುಂಡಿಯಲ್ಲಿಟ್ಟೆ. “ಅವತ್ತು ಹೂಂ ಅಂದದ್ದು ನೀವಲ್ಲ. ನನಗ ಗೊತ್ತಿತ್ತು. ತಪ್ಪಾತವ್ವಾ. ಮಾಫ್ ಮಾಡ್ತೀರೇನು?”

‘ಹೂಂ.’

ಸೆರಗಿನ ಹಿಂದೆ ಅವಳ ತುಟಿ ಕಾಣುತ್ತಿರಲಿಲ್ಲ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಹೂಂ ಬಂದ ಮೇಲೆ ಮಾತಾಡಬಾರದೆಂಬುದು ನನ್ನದೇ ನಿಯಮ. ಆದರೂ ಇನ್ನೊಮ್ಮೆ ಕೇಳಿದೆ.

ಗಾಳಿ ನಿಂತಿತ್ತು.